ಪಕ್ಕಕ್ಕಿಟ್ಟ ಪಡಿ

ಆಶ್ರಮ ಯಾವ ನದಿಯ ದಡದಲ್ಲಿತ್ತು ಎಂದು ಕೇಳಬೇಡಿ. ಹೇಳಿದರೆ ನೀವು ಊಟಕ್ಕೆ ಹೊರಟುಬಿಡುತ್ತೀರಿ. ಅಲ್ಲಿನ ಅಡುಗೆ ಅಷ್ಟು ಚೆನ್ನಾಗಿತ್ತು.

ಆಶ್ರಮದಲ್ಲಿ ಒಂದು ಅಶ್ವತ್ಥಕಟ್ಟೆ, ಒಂದು ಹುತ್ತ, ಒಂದು ಮೇನ್‌ಫ್ರೇಮ್ ಇದ್ದವು.

ಮೇನ್‌ಫ್ರೇಮ್ ಎಂದರೆ ಎರಡು ಬೀರುಗಳಷ್ಟು ದೊಡ್ಡ ಕಂಪ್ಯೂಟರ್. ಗುರು ಚಿದಂಬರಯ್ಯನವರು ಆಶ್ರಮಕ್ಕೆ ಬರುವ ಮೊದಲು ಮೂವತ್ತು ವರ್ಷ ಅಂಥದೊಂದು ಯಂತ್ರವನ್ನು ನೋಡಿಕೊಂಡಿದ್ದವರು. ಮನೆ ಬಿಟ್ಟರು, ಕಾಫಿ ಬಿಟ್ಟರು, ಅದನ್ನು ಮಾತ್ರ ಬಿಡಲಾಗಲಿಲ್ಲ. ಯಾರೋ ಗುಜರಿಗೆ ಹಾಕಲು ಹೊರಟಿದ್ದನ್ನು ಕೇಳಿ ಪಡೆದು, ಎರಡು ಹರಿಗೋಲು ಜೋಡಿಸಿ ಕಟ್ಟಿ ನದಿ ದಾಟಿಸಿದ್ದರು.

ಯಂತ್ರ ದಿನಾ ಬೆಳಗ್ಗೆ ಅಡುಗೆಮನೆಗೆ ಒಂದು ಪಡಿಚೀಟಿ ಕೊಡುತ್ತಿತ್ತು. ಇವತ್ತು ಊಟಕ್ಕೆ ಎಷ್ಟು ಜನ, ಅಕ್ಕಿ ಎಷ್ಟು, ಬೇಳೆ ಎಷ್ಟು, ಏನು ಅಡುಗೆ ಎಲ್ಲ ಅದರಲ್ಲಿ ಇರುತ್ತಿತ್ತು. ಹಿಂದೆ ಏನು ಮಾಡಬೇಕೆಂದು ಅಡುಗೆಯವರು ಸೌಟು ಹಿಡಿದು ಜಗಳವಾಡುತ್ತಿದ್ದರಂತೆ. ಅದಕ್ಕೇ ಗುರುಗಳು ಕಟ್ಟಳೆ ಮಾಡಿದ್ದರು: ಚೀಟಿಯಲ್ಲಿ ಬಂದದ್ದೇ ಅಡುಗೆ, ಎದುರು ಮಾತಿಲ್ಲ.

ಇಂದುಶೇಖರ ಏಳು ವರ್ಷದಿಂದ ಅಲ್ಲಿ ಶಿಷ್ಯ. ಅವನಿಗೆ ಮೋಕ್ಷದ ಅವಸರವೇನೂ ಇರಲಿಲ್ಲ. ಯಂತ್ರದ ಪಾಸ್‌ವರ್ಡ್ ಬೇಕಿತ್ತು.

ಅದು ಗುರುಗಳೊಬ್ಬರಿಗೇ ಗೊತ್ತು. ಯಂತ್ರದೊಳಗೆ ಏನಾದರೂ ಬದಲಿಸುವುದಿದ್ದರೆ ಅವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ತಾವೇ ಪಾಸ್‌ವರ್ಡ್ ಒತ್ತಿ, ಆಮೇಲೆ ಕುರ್ಚಿ ಬಿಟ್ಟುಕೊಡುತ್ತಿದ್ದರು. ಏಳು ವರ್ಷದಲ್ಲಿ ಅವನಿಗೆ ಆ ಗೋಡೆಯ ಬಿರುಕುಗಳೆಲ್ಲ ಬಾಯಿಪಾಠವಾಗಿದ್ದವು.

ಒಂದು ದಿನ ಗುರುಗಳು ಕರೆದರು.

"ಪಡಿಚೀಟಿ ಬರೆಯೋಕೆ ಹೊಸ ಪ್ರೋಗ್ರಾಮ್ ಹಾಕಿ ಮೂರು ವರ್ಷ ಆಯ್ತು. ಹಳೇದು ಇನ್ನೂ ಒಳಗೇ ಕೂತಿದೆ. ಆ ಹಳೆ ಪಡಿಯನ್ನ ಕ್ಷೇಮವಾಗಿ ತೆಗಿ. ತೆಗೆದ ದಿನ ನಿನ್ನ ಕಿವಿಯಲ್ಲಿ ಪಾಸ್‌ವರ್ಡ್ ಹೇಳ್ತೀನಿ."

ಇಂದುಶೇಖರನಿಗೆ ಕಣ್ಣಲ್ಲಿ ನೀರು ಬಂತು. ಗೋಡೆಯ ಕಡೆ ತಿರುಗಿ ನಿಂತ. ಗುರುಗಳು ಪಾಸ್‌ವರ್ಡ್ ಒತ್ತಿ ಎದ್ದರು.

ಕಾಲು ಗಂಟೆಯಲ್ಲಿ ಅವನು ಕಟ್ಟೆಯ ಹತ್ತಿರ ಓಡಿಬಂದ.

"ತೆಗೆದೆ ಗುರುಗಳೇ!"

"ಕ್ಷೇಮವಾಗಿ?"

"ಪೂರ್ತಿಯಾಗಿ! ಚೂರೂ ಉಳಿಸಿಲ್ಲ."

"ನಾನು ಅದನ್ನ ಕೇಳಲಿಲ್ಲ," ಎಂದು ಗುರುಗಳು ಸ್ನಾನಕ್ಕೆ ಹೋದರು.

ಪ್ರತಿ ಸೋಮವಾರ ಬೆಳಗ್ಗೆ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸುವುದು ಅಲ್ಲಿನ ರೂಢಿ. ಆ ಸೋಮವಾರ ಯಂತ್ರ ಅರ್ಧ ಎದ್ದು ಅಲ್ಲೇ ನಿಂತಿತು. ಪರದೆಯ ಮೇಲೆ ಒಂದೇ ಸಾಲು ಬರುತ್ತಿತ್ತು: ಹಳೆ ಪಡಿ ಸಿಗುತ್ತಿಲ್ಲ. ಹಳೆ ಪಡಿ ಸಿಗುತ್ತಿಲ್ಲ.

ಚೀಟಿ ಬರಲಿಲ್ಲ. ಅಡುಗೆಯ ತುಂಗಮ್ಮ ಒಲೆ ಮುಂದೆ ಕೈಕಟ್ಟಿ ಕೂತಳು. ಹನ್ನೊಂದು ಗಂಟೆಗೆ ಇನ್ನೂರು ಜನ ಎಲೆ ಹಾಕಿಕೊಂಡು ಆ ಎಲೆಯನ್ನೇ ನೋಡುತ್ತಿದ್ದರು.

ಗುರುಗಳು ತಮ್ಮ ಜೋಳಿಗೆಯಿಂದ ಒಂದು ಟೇಪ್ ತೆಗೆದು ಯಂತ್ರಕ್ಕೆ ಹಾಕಿದರು. ಯಂತ್ರ ಪೂರ್ತಿ ಎದ್ದಿತು. ಚೀಟಿ ಬಂತು.

"ಅದೇನು ಗುರುಗಳೇ?"

"ಹಳೆ ಪಡಿಯ ನಕಲು. ನಿನಗೆ ಕೆಲಸ ಹೇಳೋ ಹಿಂದಿನ ದಿನ ತೆಗೆದಿಟ್ಟಿದ್ದೆ."

ಇಂದುಶೇಖರನ ಮುಖ ಸಣ್ಣಗಾಯಿತು. "ನನ್ನ ಮೇಲೆ ನಂಬಿಕೆ ಇರಲಿಲ್ವಾ?"

"ಪೂರ್ತಿ ಇತ್ತು. ಅದಕ್ಕೇ ತೆಗೆದಿಟ್ಟೆ."

ಅವನು ತಲೆ ತಗ್ಗಿಸಿದ. ಗುರುಗಳು ಹೇಳಿದರು:

"ಯಂತ್ರ ಏಳುವಾಗ ಯಾವ ಯಾವ ಪ್ರೋಗ್ರಾಮ್ ಎಬ್ಬಿಸಬೇಕು ಅನ್ನೋ ಪಟ್ಟಿಯಲ್ಲಿ ಅದರ ಹೆಸರು ಹಾಗೇ ಇತ್ತಲ್ಲೋ. ಆಳನ್ನ ಊರಿಗೆ ಕಳಿಸಿಬಿಟ್ಟು ಬಾಗಿಲಲ್ಲಿ ನಿಂತು ಹೆಸರು ಕೂಗಿದ್ರೆ ಓ ಅನ್ನೋರು ಯಾರು?"

ಎರಡನೆಯ ಸಲ ಇಂದುಶೇಖರ ಬಹಳ ಹುಷಾರಾದ. ತಾನೇ ನಕಲು ತೆಗೆದಿಟ್ಟ. ಎಬ್ಬಿಸುವ ಪಟ್ಟಿಯಿಂದ ಹೆಸರು ತೆಗೆದ. ಆಮೇಲೆ ಆಶ್ರಮವನ್ನೆಲ್ಲ ಸುತ್ತಿ, ಹಳೆ ಪಡಿ ನಿಮಗೆ ಬೇಕಾ ಎಂದು ಒಬ್ಬೊಬ್ಬರನ್ನೇ ಕೇಳಿದ.

"ಹಳೇದೋ ಹೊಸದೋ, ನನಗೆ ಚೀಟಿ ಬಂದ್ರೆ ಸಾಕಪ್ಪ," ಎಂದಳು ತುಂಗಮ್ಮ.

"ಅದು ತಿನ್ನೋದಾ?" ಎಂದರು ಶ್ಯಾಮಾಚಾರ್ಯರು. ಅವರು ಆಶ್ರಮದ ಹಿರಿಯರು, ನಲವತ್ತು ವರ್ಷದಿಂದ ಒಂದು ಏಕಾದಶಿಯನ್ನೂ ತಪ್ಪಿಸದವರು. ಉಳಿದ ದಿನಗಳಲ್ಲಿ ಊಟದ ಮೊದಲ ಸಾಲು ತಪ್ಪಿಸದವರು.

ದೋಣಿಯ ಬೋರಯ್ಯ ತಲೆ ಕೆರೆದುಕೊಂಡ. "ನಮ್ ಹರಿಗೋಲಲ್ಲಿ ಬಂತಲ್ಲ, ಅದಾ ಬುದ್ಧಿ? ಬೋ ಭಾರ ಇತ್ತು."

ಇಂದುಶೇಖರ ಬಂದು ಹೇಳಿದ. "ಯಾರಿಗೂ ಬೇಡವಂತೆ ಗುರುಗಳೇ. ಅಳಿಸಲಾ?"

"ಜನರನ್ನ ಕೇಳಿದೆ. ಯಂತ್ರದೊಳಗಿನ ಬೇರೆ ಪ್ರೋಗ್ರಾಮ್‌ಗಳನ್ನ ಕೇಳಿದ್ಯಾ?"

"ಅವು ಮಾತಾಡಲ್ವಲ್ಲ."

"ಹಾಗಾದ್ರೆ ಅಳಿಸಬೇಡ. ಹೆಸರು ಬದಲಾಯಿಸಿ ಪಕ್ಕಕ್ಕಿಡು. ಅದು ಬೇಕಾದೋರು ಹುಡುಕ್ಕೊಂಡು ಬರ್ತಾರೆ. ಸಿಗದಿದ್ರೆ ಯಾರಾದ್ರೂ ಕಿರುಚ್ತಾರೆ. ಆಗ ಗೊತ್ತಾಗುತ್ತೆ."

"ಅಲ್ಲೀತನಕ ನಾನೇನು ಮಾಡ್ಲಿ?"

"ಕೇಳಿಸ್ಕೋ. ತೆಗೆದೋನ ಕೆಲಸ ಅದೊಂದೇ. ಅವನು ಮಾತ್ರ ಕಿರುಚಬಾರದು."

ಇಂದುಶೇಖರ ಅದಕ್ಕೆ ಪಕ್ಕಕ್ಕಿಟ್ಟ ಪಡಿ ಎಂದು ಹೆಸರಿಟ್ಟು, ಕಿವಿ ನೆಟ್ಟಗೆ ಮಾಡಿ ಕೂತ. ಮೂರನೆಯ ದಿನ ನವಿಲು ಕೂಗಿದ್ದಕ್ಕೆ ಯಂತ್ರದ ಕೋಣೆಗೆ ಓಡಿದ. ಆರನೆಯ ದಿನ ತುಂಗಮ್ಮನ ಕಾಲ ಮೇಲೆ ಕುಟ್ಟಾಣಿ ಬಿತ್ತು, ಆಗಲೂ ಓಡಿದ. ಎರಡೂ ಸಲ ಯಂತ್ರ ಸುಮ್ಮನೆ ಗುಂಯ್ ಎನ್ನುತ್ತಿತ್ತು.

ಹತ್ತನೆಯ ದಿನ ಏಕಾದಶಿ.

ಏಕಾದಶಿಯ ಚೀಟಿಯಲ್ಲಿ ಅವಲಕ್ಕಿ, ಬಾಳೆಹಣ್ಣು, ಹಾಲು ಬಿಟ್ಟರೆ ಬೇರೇನೂ ಬರುವುದಿಲ್ಲ. ಆ ಬೆಳಗ್ಗೆ ಅನ್ನ, ಹುಳಿ, ಆಂಬೊಡೆ, ಹಯಗ್ರೀವ, ಇನ್ನೂರು ಜನಕ್ಕೆ ಎಂದು ಬಂತು.

ತುಂಗಮ್ಮ ಚೀಟಿಯನ್ನು ಎರಡು ಸಲ ಓದಿದಳು. ಗೋಡೆಯ ಪಂಚಾಂಗ ನೋಡಿದಳು. ಚೀಟಿಗೆ ಎದುರು ಮಾತಿಲ್ಲ ಎಂಬ ಕಟ್ಟಳೆ ನೆನಪಾಯಿತು. ಒಲೆ ಹಚ್ಚಿದಳು.

ಹತ್ತು ಗಂಟೆಗೆ ತುಪ್ಪದಲ್ಲಿ ಹುರಿದ ಗೋಡಂಬಿಯ ವಾಸನೆ ಜಪದ ಚಾವಡಿಗೆ ಬಂತು. ಜಪಸರಗಳು ಒಂದೊಂದಾಗಿ ನಿಂತವು. ಶ್ಯಾಮಾಚಾರ್ಯರು ಎದ್ದು, ವಾಸನೆ ಹಿಡಿದು ಅಡುಗೆಮನೆಯವರೆಗೆ ನಡೆದು, ಹಯಗ್ರೀವದ ಕೊಪ್ಪರಿಗೆಯನ್ನು ನೋಡಿದರು.

ಅವರು ಕಿರುಚಿದ್ದು ಆಚೆ ದಡಕ್ಕೆ ಕೇಳಿಸಿತು. ಸಿಟ್ಟಿಗೆ ಕಿರುಚಿದರೋ ಸಂಕಟಕ್ಕೋ ಇವತ್ತಿಗೂ ತೀರ್ಮಾನವಾಗಿಲ್ಲ.

ಇಂದುಶೇಖರ ಓಡಿಹೋಗಿ ನೋಡಿದ. ಆದದ್ದು ಇಷ್ಟು: ಹೊಸ ಪಡಿ ಎಲ್ಲ ತನಗೇ ಗೊತ್ತೆಂದು ಮೂರು ವರ್ಷದಿಂದ ಮೆರೆಯುತ್ತಿತ್ತು. ಇವತ್ತು ಏಕಾದಶಿಯೋ ಅಲ್ಲವೋ ಎಂಬುದನ್ನು ಮಾತ್ರ ದಿನಾ ಬೆಳಗ್ಗೆ ಸದ್ದಿಲ್ಲದೆ ಹಳೆ ಪಡಿಯನ್ನು ಕೇಳಿಕೊಳ್ಳುತ್ತಿತ್ತು. ಉತ್ತರ ಬರದಿದ್ದರೆ ಅಲ್ಲ ಎಂದುಕೊಳ್ಳುತ್ತಿತ್ತು.

ಗುರುಗಳು ಬಂದು ಪಾಸ್‌ವರ್ಡ್ ಒತ್ತಿದರು, ಅವನು ಹಳೆಯ ಹೆಸರು ತಿರುಗಿ ಕೊಟ್ಟ. ಒಂದೇ ನಿಮಿಷದಲ್ಲಿ ಸರಿಯಾದ ಚೀಟಿ ಬಂತು. ಆದರೆ ಹಯಗ್ರೀವವನ್ನು ತಿರುಗಿ ಕಡಲೆಬೇಳೆ ಮಾಡುವ ಉಪಾಯ ಯಂತ್ರಕ್ಕೂ ತಿಳಿದಿರಲಿಲ್ಲ. ಬೋರಯ್ಯ ನಾಲ್ಕು ಸಲ ಹರಿಗೋಲು ಹಾಕಿ ಕೊಪ್ಪರಿಗೆಗಳನ್ನು ಆಚೆ ದಡದ ತಮ್ಮ ಕೇರಿಗೆ ಸಾಗಿಸಿದ. ಇನ್ನೇನಾದರೂ ತೆಗೆಯುವುದಿದೆಯಾ ಎಂದು ಕೇರಿಯವರು ಆಮೇಲೆ ಬಹಳ ದಿನ ವಿಚಾರಿಸುತ್ತಿದ್ದರು.

ಇಂದುಶೇಖರ ಕಟ್ಟೆಯ ಮೇಲೆ ಕೂತು ಅತ್ತ.

"ಏಳು ವರ್ಷ ನೀರಲ್ಲಿ ಹೋಯ್ತು ಗುರುಗಳೇ. ನನಗೆ ಪಾಸ್‌ವರ್ಡ್ ಹೇಳೋದು ಬೇಡ. ನಾನು ಅದಕ್ಕೆ ಲಾಯಕ್ಕಲ್ಲ."

"ಮೊದಲನೇ ಸಲ ಊಟ ಇಲ್ಲದ ಹಾಗೆ ಮಾಡಿದೆ. ಈ ಸಲ ಊಟ ಹೆಚ್ಚಾಗೋ ಹಾಗೆ ಮಾಡಿದೆ. ಸುಧಾರಿಸಿದ್ದೀಯ. ಏಳು."

ಅವನು ಎದ್ದ. ಹೊಸ ಪಡಿಗೆ ಏಕಾದಶಿ ಕಲಿಸಿದ. ಹಳೆ ಪಡಿಯನ್ನು ಮತ್ತೆ ಪಕ್ಕಕ್ಕಿಟ್ಟ.

"ಈಗ ಎಷ್ಟು ದಿನ ಕಾಯಲಿ?"

"ಒಂದು ವರ್ಷ."

"ಒಂದು ವರ್ಷಾನಾ?"

"ವರ್ಷಕ್ಕೊಂದು ಸಲ ಕೆಲಸ ಇರೋರು ವರ್ಷಕ್ಕೊಂದೇ ಸಲ ಕಿರುಚೋದು."

ಕಾದ. ಎಂಟನೆಯ ತಿಂಗಳಲ್ಲಿ ಗ್ರಹಣದ ಮಧ್ಯದಲ್ಲಿ ಊಟಕ್ಕೆ ಏಳಿ ಎಂದು ಚೀಟಿ ಬಂತು. ಶ್ಯಾಮಾಚಾರ್ಯರು ಮತ್ತೊಮ್ಮೆ ಕಿರುಚಿದರು. ಗುರುಗಳು ಬಂದು ಪಾಸ್‌ವರ್ಡ್ ಒತ್ತಿ ಹೋದರು, ಇಂದುಶೇಖರ ಹೊಸ ಪಡಿಗೆ ಗ್ರಹಣವನ್ನೂ ಕಲಿಸಿದ. ಅದಕ್ಕೆ ಮೊದಲು ಗುರುಗಳು ಆ ಕೋಣೆಗೆ ಕಾಲಿಟ್ಟು ಮೂರು ತಿಂಗಳಾಗಿತ್ತು ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಅವನ ಗಮನವೆಲ್ಲ ಕಿರುಚಾಟದ ಮೇಲಿತ್ತು.

ವರ್ಷ ತುಂಬಿದ ದಿನ ಹಳೆ ಪಡಿಯನ್ನು ಅಳಿಸಿದ. ಸೋಮವಾರ ಯಂತ್ರ ಗುಂಯ್ ಎಂದು ಎದ್ದಿತು. ಚೀಟಿ ಬಂತು. ಜನ ಉಂಡು, ಕೈ ತೊಳೆದು, ಮಲಗಿದರು. ಆಶ್ರಮದಲ್ಲಿ ಏನಾಯಿತೆಂದು ಒಬ್ಬರಿಗೂ ಗೊತ್ತಾಗಲಿಲ್ಲ.

"ನಕಲು?" ಎಂದರು ಗುರುಗಳು.

ಇಂದುಶೇಖರ ತನ್ನ ಜೋಳಿಗೆ ತಟ್ಟಿ ತೋರಿಸಿದ.

ಗುರುಗಳು ಹತ್ತಿರ ಕರೆದು, ಅವನ ಬಲಗಿವಿಯಲ್ಲಿ ಪಾಸ್‌ವರ್ಡ್ ಹೇಳಿದರು. ಅದೇನೆಂದು ಇಲ್ಲಿ ಬರೆದರೆ ಅದು ಪಾಸ್‌ವರ್ಡ್ ಆಗಿ ಉಳಿಯುವುದಿಲ್ಲ.

"ಈಗ ಮೊದಲನೇ ಕೆಲಸ," ಎಂದರು. "ಯಂತ್ರದ ಪಟ್ಟಿಯಲ್ಲಿ ನನ್ನ ಹೆಸರಿದೆ. ಅದನ್ನ ತೆಗಿ."

"ಅಳಿಸಲಾ?"

"ಒಂದು ವರ್ಷ ಕಿವಿಗೊಟ್ಟು ಕೂತು ಕಲಿತಿದ್ದು ಇದೇನಾ?"

ಇಂದುಶೇಖರ ನಾಚಿಕೊಂಡು, ಹೆಸರು ಬದಲಿಸಿ ಪಕ್ಕಕ್ಕಿಟ್ಟ. ಪಾಸ್‌ವರ್ಡ್ ಕೈ ಬದಲಾದ ಮೇಲೆ ಹಳಬರ ಹೆಸರು ತೆಗೆಯುವುದು ಯಂತ್ರದ ರೂಢಿ ಎಂದುಕೊಂಡ. ಅವತ್ತಿಡೀ ಅವನು ನೆಲದ ಮೇಲೆ ನಡೆಯಲಿಲ್ಲ.

ಮರುದಿನ ಬೆಳಗ್ಗೆ ನದಿಗೆ ಹೋದರೆ ಗುರುಗಳು ಹರಿಗೋಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಒಂದು ಚಾಪೆ, ಒಂದು ಚೊಂಬು. ಬೋರಯ್ಯ ಹುಟ್ಟು ಹಿಡಿದಿದ್ದ.

"ಎಲ್ಲಿಗೆ ಗುರುಗಳೇ?"

"ಆಚೆ ದಡಕ್ಕೆ. ಬೋರಯ್ಯನ ಮನೆ ಪಕ್ಕ ಒಂದು ಗುಡಿಸಲು ಹಾಕಿಸಿದ್ದೀನಿ."

"ಯಾವಾಗ ಬರ್ತೀರಿ?"

"ಬರೋದೇನು ಬಂತು? ಒಂದು ವರ್ಷದಿಂದ ಹೋಗ್ತಾನೇ ಇದ್ದೀನಿ. ಸೋಮವಾರ ಯಂತ್ರ ಎಬ್ಬಿಸೋಕೆ ಬರೋದು ಬಿಟ್ಟೆ, ಯಾರೂ ಕೇಳಲಿಲ್ಲ. ಚೀಟಿಗೆ ಸಹಿ ಹಾಕೋದು ಬಿಟ್ಟೆ, ತುಂಗಮ್ಮನೂ ಕೇಳಲಿಲ್ಲ. ಮೂರು ವಾರ ಪ್ರವಚನ ಮಾಡಲಿಲ್ಲ. ಈ ಸಲದ ಪ್ರವಚನ ಬಹಳ ಚೆನ್ನಾಗಿತ್ತು ಅಂತ ಶ್ಯಾಮಾಚಾರ್ಯರು ಬಂದು ಹೇಳಿದ್ರು."

ಇಂದುಶೇಖರನಿಗೆ ಆಗ ಹೊಳೆಯಿತು, ನಿನ್ನೆ ತಾನು ಯಾರ ಹೆಸರನ್ನು ತೆಗೆದೆ ಎಂದು. ಎಂಟು ವರ್ಷ ಬೇಡಿದ್ದು ಕಿವಿಯೊಳಗೇ ಇತ್ತು, ಅವನಿಗೆ ಅದು ಬೇಡವೇ ಬೇಡವೆನಿಸಿತು.

ಬೋರಯ್ಯ ಹುಟ್ಟು ಹಾಕಿದ. ಹರಿಗೋಲು ಒಂದು ಸುತ್ತು ತಿರುಗಿ ದಡ ಬಿಟ್ಟಿತು.

ಇಂದುಶೇಖರ ಮೊಣಕಾಲಿನ ತನಕ ನೀರಿಗಿಳಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಿರುಚಿದ.

"ಗುರುಗಳೇ!"

ಗುರುಗಳು ತಿರುಗಿ ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು ಎಂದು ಬೋರಯ್ಯ ಆಮೇಲೆ ಹೇಳಿದ.

"ಸುಮ್ನಿರೋ," ಎಂದು ಕೂಗಿದರು. "ತೆಗೆದೋನು ಕಿರುಚಬಾರದು. ಬೇರೆ ಯಾರಾದ್ರೂ ಕಿರುಚ್ತಾರಾ, ಒಂದು ವರ್ಷ ಕೇಳಿಸ್ಕೋ."