ನಡುಮಳೆಯಲ್ಲಿ ಅಗೆದ ಗೆಡ್ಡೆ

"ಗುರುಗಳೇ, ದುಗ್ಗಪ್ಪನನ್ನು ಮಠದಿಂದ ಕಳಿಸಿಬಿಡೋಣವೇ?"

ಹೀಗೆ ಕೇಳಿದವನು ಮಠದ ಹಿರಿಯ ಶಿಷ್ಯ. ಹೊಸದಾಗಿ ಬಂದವರಿಗೆ ಏಕತಾರಿ ಹಿಡಿದು ತತ್ವಪದ ಹಾಡುವುದನ್ನು ಕಲಿಸುವ ಹೊಣೆ ಅವನದು. ದುಗ್ಗಪ್ಪ ಹೆಂಡತಿ ತೀರಿಕೊಂಡ ಮೇಲೆ ಊರು ಬಿಟ್ಟು ಬಂದವನು. ಮಠ ಬಿಟ್ಟರೆ ಅವನಿಗೆ ಬೇರೆ ದಿಕ್ಕಿರಲಿಲ್ಲ.

"ಏಕೆ?" ಎಂದರು ಗುರುಗಳು.

"ಬಂದಾಗ ಊರ ಭಜನೆಯಲ್ಲಿ ಕಲಿತ ಪದಗಳನ್ನು ಗಂಟಲು ಬಿಟ್ಟು ಹಾಡುತ್ತಿದ್ದ. ಈಗ ಅವೂ ಬರುವುದಿಲ್ಲ. ದಿನಾ ಬೆಳಗ್ಗೆ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಹಾಡಿಸುತ್ತೇನೆ. ಶ್ರುತಿ ಹುಡುಕಿಕೊಂಡು ತಡವರಿಸುತ್ತಾನೆ. ಹೊಸದನ್ನು ಕಲಿಯುವುದಿರಲಿ, ಬರುವಾಗ ತಂದದ್ದನ್ನೂ ಕಳೆದುಕೊಂಡ. ಅವನಿಗೆ ಹಾಕುವ ಕೂಳು ದಂಡ."

ಗುರುಗಳಿಗೆ ಸಿಟ್ಟು ಬಂತು. ಅವರು ಅದನ್ನು ಮುಚ್ಚಿಡಲಿಲ್ಲ. "ಕುಳಿತುಕೋ" ಎಂದು ಗದರಿ, ಹೇಳತೊಡಗಿದರು.

ಒಬ್ಬ ಶೇಂಗಾ ವ್ಯಾಪಾರಿ ಇದ್ದ. ಬಯಲುಸೀಮೆಯವನು. ಶೇಂಗಾದವರಲ್ಲಿ ಒಂದು ರೂಢಿ ಉಂಟು. ಪೈರು ಹೊಲದಲ್ಲಿ ನಿಂತಿರುವಾಗಲೇ ಅಲ್ಲೊಂದು ಇಲ್ಲೊಂದು ಗಿಡ ಕಿತ್ತು, ಮಣ್ಣು ಕೊಡವಿ, ಕಾಯಿ ಎಷ್ಟು ಕಟ್ಟಿದೆ ಎಂದು ನೋಡುತ್ತಾರೆ. ಶೇಂಗಾಕ್ಕೆ ಅದು ಸರಿಯೇ. ಆದರೆ ಈ ಪುಣ್ಯಾತ್ಮ, ಮಣ್ಣಿನೊಳಗೆ ಬೆಳೆಯುವುದೆಲ್ಲ ಶೇಂಗಾ ಎಂದುಕೊಂಡಿದ್ದ.

ಅವನು ಕಾಡಂಚಿನಲ್ಲಿ ಒಂದು ತುಂಡು ನೆಲ ಕೊಂಡ. ಆ ನೆಲದಲ್ಲೇ ಒಂದು ಗುಡಿಸಲು. ಅದರಲ್ಲಿ ಒಬ್ಬ ಮುದುಕಿ ಇದ್ದಳು. ಮರಗಳ ನೆರಳಿನಲ್ಲಿ ಕಾಡು ಸುವರ್ಣಗೆಡ್ಡೆ ಬೆಳೆಸಿಕೊಂಡು ಬದುಕಿದವಳು. ವ್ಯಾಪಾರಿ ಅವಳನ್ನು ಅಲ್ಲಿಂದ ಎಬ್ಬಿಸಲಿಲ್ಲ. ಗುಡಿಸಲಿನಲ್ಲಿ ಇರು, ನನಗೆ ಗೆಡ್ಡೆ ಬೆಳೆದುಕೊಡು ಎಂದ. ದೊಡ್ಡ ಮನಸ್ಸಿನವನು ಎಂದು ಊರೆಲ್ಲ ಹೊಗಳಿತು. ಹೊಗಳಲು ಊರಿಗೇನು ಖರ್ಚು?

ತೆಂಗಿನಕಾಯಿ ಗಾತ್ರದ ಗೆಡ್ಡೆಗಳನ್ನು ಕೊಟ್ಟು ನೆಡಿಸುವಾಗ ಅವನು ಕೇಳಿದ: "ಇವು ಎಷ್ಟು ದೊಡ್ಡದಾಗುತ್ತವೆ?"

"ಬಿಟ್ಟಷ್ಟು ದೊಡ್ಡದಾಗ್ತವೆ ಧಣಿ" ಎಂದಳು ಮುದುಕಿ. "ನಾಕಾರು ಮಳೆಗಾಲ ಬೇಕು. ಎಲೆ ತಾನಾಗೇ ಮಲಗೋ ತನಕ ಮಾತ್ರ ಗುದ್ದಲಿ ಹಾಕ್ಬಾರ್ದು. ಇಲ್ಲಿ ಯಾರೂ ಹಾಕಲ್ಲ."

ಆ ಗಿಡ ಬೆಳೆಯುವ ರೀತಿ ನಿನಗೆ ಗೊತ್ತಿರಲಿಕ್ಕಿಲ್ಲ, ಕೇಳು. ವರ್ಷಕ್ಕೆ ಅದು ಬಿಡುವುದು ಒಂದೇ ಎಲೆ. ಎಳೆಯದಾಗಿದ್ದಾಗ ಮೊಣಕಾಲೆತ್ತರ. ಮರುವರ್ಷ ಅದಕ್ಕಿಂತ ಎತ್ತರ. ಬಲಿತ ಮೇಲೆ ಆಳೆತ್ತರ, ಬಿಡಿಸಿದ ಕೊಡೆಯಷ್ಟು ಅಗಲ. ಆ ಎಲೆ ಏಳುವುದು ಎಲ್ಲಿಂದ? ಹಳೆಯ ಗೆಡ್ಡೆಯನ್ನು ಉಂಡೇ ಏಳಬೇಕು. ಎಲೆ ಏರಿದಂತೆ ಕೆಳಗೆ ಹಳೆಯದು ಕರಗುತ್ತದೆ. ಆಮೇಲೆ ಎಲೆ ದುಡಿಯುತ್ತದೆ, ಹೊಸ ಗೆಡ್ಡೆ ಕಟ್ಟುತ್ತದೆ. ಮಳೆ ಮುಗಿದು ಎಲೆ ನೆಲಕ್ಕೆ ಮಲಗುವ ಹೊತ್ತಿಗೆ ಹೊಸದು ಹಳೆಯದರ ಎರಡರಷ್ಟು ಮೂರರಷ್ಟು ಆಗಿರುತ್ತದೆ. ನಡುವೆ ಅಗೆದರೆ ಹಳೆಯದೂ ಕಾಣದು, ಹೊಸದೂ ಕಾಣದು.

ವ್ಯಾಪಾರಿ ನಡುವೆಯೇ ಅಗೆದ. ಮಳೆ ಜೋರಾಗಿ ಹಿಡಿದಿತ್ತು, ಎಲೆಗಳು ಎದೆಮಟ್ಟ ನಿಂತಿದ್ದವು. ಅವನು ಖುಷಿಯಿಂದ ಬಂದು ಒಂದು ಗಿಡದ ಬುಡಕ್ಕೆ ಗುದ್ದಲಿ ಹಾಕಿದ. ಸಿಕ್ಕಿದ್ದು ಸುಕ್ಕುಗಟ್ಟಿದ ಸಿಪ್ಪೆ, ಅದರ ಮೇಲೊಂದು ಮುಷ್ಟಿಗಾತ್ರದ ಗೆಡ್ಡೆ. ಇನ್ನೊಂದನ್ನು ಅಗೆದ. ಅದೂ ಹಾಗೆಯೇ ಇತ್ತು.

"ನಾನು ಕೊಟ್ಟದ್ದು ತೆಂಗಿನಕಾಯಿ ಗಾತ್ರದ್ದು. ಉಳಿದದ್ದು ಯಾರ ಹೊಟ್ಟೆಗೆ ಹೋಯಿತು?"

"ಯಾರ ಹೊಟ್ಟೆಗೂ ಇಲ್ಲ ಧಣಿ. ಹಳೇದು ಕರಗಿ ಹೊಸದಾಗ್ತಾ ಐತೆ. ದೀಪಾವಳಿ ಕಳೀಲಿ, ನೀವೇ ನೋಡೀರಂತೆ."

"ಕದ್ದವರೆಲ್ಲ ವಾಯಿದೆ ಕೇಳುತ್ತಾರೆ" ಎಂದ ಅವನು.

ಊರಿನವರನ್ನು ಕರೆಸಿದ. ಸಿಪ್ಪೆಯನ್ನು ಎತ್ತಿ ತೋರಿಸಿದ. ನನ್ನ ಹೊಟ್ಟೆ ಉರಿಯುವುದು ಇಲ್ಲಿ, ಕೇಳು. ಅಲ್ಲಿ ನಿಂತ ಪ್ರತಿಯೊಬ್ಬನಿಗೂ ಆ ಗೆಡ್ಡೆಯ ಗುಣ ಗೊತ್ತಿತ್ತು. ಹುಟ್ಟಿದಾಗಿನಿಂದ ಅದನ್ನೇ ಬೇಯಿಸಿ ಉಂಡವರು ಅವರು. ಮುದುಕಿ ಒಬ್ಬೊಬ್ಬರ ಮುಖ ನೋಡಿದಳು. ಒಬ್ಬರೂ ತುಟಿ ಬಿಚ್ಚಲಿಲ್ಲ. ನಾಳೆ ವ್ಯಾಪಾರಿಯ ತೋಟದಲ್ಲಿ ಕೆಲಸ ಸಿಗಬೇಕಲ್ಲ!

ಅವಳ ಗುಡಿಸಲಿನ ಮೇಲೆ ಹೊದಿಸಿದ್ದ ಸೋಗೆಯನ್ನು ವ್ಯಾಪಾರಿ ಅವತ್ತೇ ಕೀಳಿಸಿದ. ಸುರಿಯುವ ಮಳೆಯಲ್ಲಿ ಆಕೆ ಒಂದು ಮಡಕೆ ಹಿಡಿದುಕೊಂಡು ಹೊರಟಳು. ಹೋದ ಊರಿಗೆಲ್ಲ ಅವಳಿಗಿಂತ ಮುಂಚೆ ಅವಳ ಸುದ್ದಿ ಹೋಗಿತ್ತು. ಕಳ್ಳಿ ಎಂದು ಯಾರೂ ಜಗಲಿ ಹತ್ತಿಸಲಿಲ್ಲ. ಬದುಕಿದಷ್ಟು ದಿನ ಆ ಹೆಸರು ಅವಳ ಬೆನ್ನು ಬಿಡಲಿಲ್ಲ.

ವ್ಯಾಪಾರಿಗೆ ಬುದ್ಧಿ ಬಂತೇ? ಎಲ್ಲಿಂದ ಬರಬೇಕು! ಮರುವರ್ಷ ಬೇರೊಬ್ಬನನ್ನು ತಂದು ನೆಡಿಸಿದ. ನಡುಮಳೆಯಲ್ಲಿ ಅಗೆದ. ಅವನನ್ನೂ ಕಳ್ಳ ಎಂದು ಓಡಿಸಿದ. ಅದರ ಮುಂದಿನ ವರ್ಷ ಇನ್ನೊಬ್ಬ. ಅಗೆದಾಗಲೆಲ್ಲ ಅವನಿಗೆ ಒಬ್ಬ ಕಳ್ಳ ಸಿಗುತ್ತಿದ್ದ. ಈ ಸೀಮೆಯಲ್ಲಿ ನಂಬಿಕಸ್ಥರೇ ಇಲ್ಲ ಎಂದು ಊರೂರಲ್ಲಿ ಹೇಳಿಕೊಂಡು ಬಂದ. ಕೊನೆಗೆ ಬೇಸತ್ತು, ನೆಡಿಸುವುದನ್ನೇ ಬಿಟ್ಟ.

ಒಂದು ಗೆಡ್ಡೆ ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮುದುಕಿ ನೆಟ್ಟದ್ದು, ಬೇಲಿಯ ಮೂಲೆಯ ಪೊದೆಯೊಳಗೆ ಉಳಿದುಬಿಟ್ಟಿತ್ತು. ಯಾರೂ ಮುಟ್ಟದ್ದರಿಂದ ಅದು ವರ್ಷ ವರ್ಷ ಕರಗಿತು, ವರ್ಷ ವರ್ಷ ಕಟ್ಟಿತು. ಪೂರ್ತಿ ಬಲಿತ ವರ್ಷ, ಮೊದಲ ಮಳೆಗೆ, ಎಲೆಗಿಂತ ಮುಂಚೆ ಹೂ ಬಿಟ್ಟಿತು. ಸುವರ್ಣಗೆಡ್ಡೆಯ ಹೂ ಎಂದರೆ ಮೂಗು ಬಿಡುವ ಹಾಗಿಲ್ಲ. ಸತ್ತ ದನದ ನಾತ.

ವ್ಯಾಪಾರಿ ಆಳುಗಳನ್ನು ಕರೆದು, ಏನೋ ಕೊಳೆತಿದೆ, ಕಿತ್ತು ಹಳ್ಳಕ್ಕೆ ಎಸೆಯಿರಿ ಎಂದ. ಅವರು ಅಗೆದರು. ಅಗೆದಷ್ಟೂ ಅಗಲವಾಗುತ್ತಾ ಹೋಯಿತು. ಹೊರಬಂದ ಗೆಡ್ಡೆಯನ್ನು ಎತ್ತಲು ಇಬ್ಬರು ಬೇಕಾಯಿತು. ಇಷ್ಟು ವರ್ಷ ಬಗ್ಗಿ ಬಗ್ಗಿ ಅಗೆದು ನೋಡಿದವನು, ನೋಡಬೇಕಾದ ಆ ದಿನ ಮೂಗಿಗೆ ಶಲ್ಯ ಹಿಡಿದು ಆ ಕಡೆ ಮುಖ ತಿರುಗಿಸಿ ನಿಂತಿದ್ದ. ಆಳುಗಳೂ ಏನೂ ಹೇಳಲಿಲ್ಲ. ಹೊತ್ತುಕೊಂಡು ಹೋಗಿ ಹಳ್ಳಕ್ಕೆ ಹಾಕಿದರು.

ಗುರುಗಳು ನಿಲ್ಲಿಸಿದರು. ಅವರ ಉಸಿರು ಇನ್ನೂ ಬಿಸಿಯಾಗಿತ್ತು.

ಶಿಷ್ಯನಿಗೂ ಸಿಟ್ಟು ನೆತ್ತಿಗೇರಿತ್ತು. "ಎಂಥ ಕಟುಕ! ಒಬ್ಬ ಮುದುಕಿಯನ್ನು ಮಳೆಗೆ ನೂಕಿದವನಿಗೆ ಏನು ಶಿಕ್ಷೆ ಗುರುಗಳೇ? ಅವನಿಗೆ ಎಂಥ ಶಿಕ್ಷೆ ಕೊಟ್ಟರೆ ಸರಿ?"

"ಅದನ್ನು ನನ್ನನ್ನೇಕೆ ಕೇಳುತ್ತೀಯೆ, ನೀನು ಆಗ ಹೇಳಿದ್ದನ್ನು ಕೇಳಿಸಿಕೊಂಡು ಹೊರಗೆ ದುಗ್ಗಪ್ಪ ಗಂಟು ಕಟ್ಟುತ್ತಿದ್ದಾನೆ, ಅವನನ್ನು ಕೇಳು" ಎಂದರು ಗುರುಗಳು.