ಪಾರುಪತ್ಯಗಾರನ ಹೊಸ ಕೌದಿ

ಹೊಳೆಯಾಚೆ ಒಂದು ರಾಜ್ಯ. ಆ ರಾಜ್ಯದ ಒಂದು ಓಣಿಯಲ್ಲಿ ತಂಗೆವ್ವ ಎಂಬ ಅತ್ತೆ, ಗುರುಬಾಯಿ ಎಂಬ ಸೊಸೆ ಇದ್ದರು. ಅತ್ತೆ ಸೊಸೆ ಅಂದಕೂಡಲೇ ಜಗಳ ಇದ್ದೀತೆಂದು ಕಿವಿ ನಿಮಿರಿಸಬೇಡಿ ಮಕ್ಕಳೇ. ಇವರು ಒಂದೇ ತಾಟಿನಲ್ಲಿ ಉಣ್ಣುವವರು.

ಗುರುಬಾಯಿಗೆ ಏಳು ತಿಂಗಳು ತುಂಬಿತ್ತು. ಆ ಸೀಮೆಯಲ್ಲಿ ಎಳೆಗೂಸಿಗೆ ಹೊಸ ಬಟ್ಟೆ ಹೊದಿಸುವುದಿಲ್ಲ. ಹೊಸದರ ಗಂಜಿ ಮೈಗೆ ಚುಚ್ಚುತ್ತದೆ. ಹಿರಿಯರು ಉಟ್ಟು, ಒಗೆದು, ಮೆತ್ತಗಾದ ಬಟ್ಟೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿಯುತ್ತಾರೆ. ತಂಗೆವ್ವ ಮಂಜುಗಣ್ಣಲ್ಲೇ ಮೊಮ್ಮಗುವಿಗೆ ಕೌದಿ ಹೊಲಿದಳು. ಕೊನೆಯ ಹೊಲಿಗೆ ಮುಗಿಯುವ ಹೊತ್ತಿಗೆ ಕಣ್ಣು ಪೂರ್ತಿ ಹೋಯಿತು. ಅವಳ ಕೈಯಿಂದ ಇನ್ನೊಂದು ಕೌದಿ ಆಗುವಂತಿರಲಿಲ್ಲ.

ಬಿಸಿಲಿಗೆ ಹಾಕಿದ ಆ ಕೌದಿಯ ಮೇಲೆ ಅರಮನೆಯ ಪಾರುಪತ್ಯಗಾರ ಮಲ್ಹಾರಪ್ಪನ ಕಣ್ಣು ಬಿತ್ತು. "ನಮ್ಮಾಕಿಗೆ ತೋರಿಸಿ ನಾಳೆ ಕೊಡತೇನಿ" ಎಂದು ಒಯ್ದ.

ಗುರುಬಾಯಿ ಕೇಳಲು ಹೋದಳು. "ನಾಳೆ ಬಾ" ಎಂದ. ಮತ್ತೆ ಹೋದಳು. "ನಮ್ಮಾಕಿ ತವರಿಗೆ ಹೋಗ್ಯಾಳ" ಎಂದ. ಮೂರನೆಯ ಸಲ ಹೋದಳು. "ಯಾವ ಕೌದಿ?" ಎಂದ! ಅಷ್ಟರಲ್ಲಿ ಅದು ರಾಣಿಯ ಕೂಸಿನ ತೊಟ್ಟಿಲು ಸೇರಿತ್ತು. ತನ್ನ ಹೆಂಡತಿಯೇ ಹೊಲಿದದ್ದೆಂದು ಹೇಳಿ, ಮಹಾಶಯ ಶಾಲು ಹೊದೆಸಿಕೊಂಡು ಬಂದಿದ್ದ.

ಗುರುಬಾಯಿ ಅತ್ತೆಯ ಕೈ ಹಿಡಿದು ನೇರ ಒಡ್ಡೋಲಗಕ್ಕೇ ನಡೆದಳು. ಕೌದಿ ತಮ್ಮದೆಂದು ದೂರು ಕೊಟ್ಟಳು; ದೊರೆ ಮಲ್ಹಾರಪ್ಪನನ್ನು ಕರೆಸಿದ, ರಾಣಿ ಕೌದಿಯನ್ನು ತಂದಳು. ಗುರುಬಾಯಿಯ ಬುದ್ಧಿ ತಣ್ಣಗಿತ್ತು. 'ಕೌದಿಯ ಗುರುತು ನಾನೇ ಮೊದಲು ಹೇಳಿದರೆ ಇವನು ಅದನ್ನೇ ತಿರುಗಿಸಿ ಹೇಳುತ್ತಾನೆ. ಇವನೇ ಮೊದಲು ಹೇಳಲಿ' ಎಂದುಕೊಂಡಳು.

"ಯಜಮಾನರ, ಇದು ನಿಮ್ಮದ ಅಂತೀರಿ. ಮ್ಯಾಲಿನ ಅರಿವಿ ಯಾರು ಉಟ್ಟದ್ದು?"

ಮಲ್ಹಾರಪ್ಪನ ಮುಖ ಕೆಂಪಾಯಿತು. ತುಂಬಿದ ಸಭೆಯಲ್ಲಿ ಯುವರಾಜನಿಗೆ ಚಿಂದಿ ಕೊಟ್ಟೆ ಎನ್ನುವುದುಂಟೇ?

"ಉಟ್ಟದ್ದಾ? ಪ್ಯಾಟಿಯಿಂದ ತಂದ ಹೊಸಾ ಅರಿವಿ!"

"ಕೆಳಗಿನದು?"

"ಹೊಸಾದು!"

"ಒಳಗಿನ ಪದರು?"

"ಅದೂ ಹೊಸಾದ! ದೊರಿ ಕೂಸಿಗೆ ಹಳೇದು ಹೊದಿಸಾಕ ನನಗೇನು ಹುಚ್ಚ?"

ಗಂಡಸರೆಲ್ಲ ತಲೆದೂಗಿದರು. ಮೂಲೆಯಲ್ಲಿದ್ದ ಸೂಲಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ರಾಣಿ ಕೌದಿಯನ್ನು ಸವರಿ ನೋಡಿ, "ಹೊಸಾದಾಗಿದ್ರ ನನ್ನ ಕೂಸು ಇದರಾಗ ಇಷ್ಟು ಸುಖವಾಗಿ ಮಲಗತಿರಲಿಲ್ಲ" ಎಂದಳು.

ಗುರುಬಾಯಿ ಕೌದಿಯನ್ನು ಅತ್ತೆಯ ತೊಡೆಯ ಮೇಲೆ ಹಾಸಿದಳು. ಮುದುಕಿಯ ಬೆರಳುಗಳು ಒಂದೊಂದೇ ತುಂಡನ್ನು ಮುಟ್ಟುತ್ತ ಹೋದವು.

"ಇದು ನನ್ನ ಗಂಡನ ರುಮಾಲ. ಇದು ನಮ್ಮವ್ವನ ಕುಬಸ. ಒಳಗ ನನ್ನ ಮದವಿ ಸೀರಿ ಐತ್ರಿ ದೊರಿ. ಹರದಿತ್ತು, ಮೂರು ಕಡೆ ರಫು ಮಾಡೀನಿ."

ಸೂಲಗಿತ್ತಿ ಅಂಚು ಬಿಚ್ಚಿದಳು. ಒಳಗೆ ಹಳೆಯ ಸೀರೆ. ಒಂದು ರಫು, ಎರಡು ರಫು, ಮೂರು ರಫು. ಇಡೀ ಸಭೆ ಆ ಕುರುಡು ಮುದುಕಿಗೆ ಕೈ ಮುಗಿಯಿತು. ದೊರೆಯೂ ಎದ್ದು ನಿಂತ. ಅಂಥ ಕೈಗೆ ಯಾರು ತಾನೇ ಕೈ ಮುಗಿಯದೆ ಇದ್ದಾರು!

ದೊರೆ ಮಲ್ಹಾರಪ್ಪನತ್ತ ತಿರುಗಿದ. "ನಿನ್ನ ಮನಿಯ ಹಳೀ ಅರಿವಿ ಗಂಟು ತಗೊಂಡು ಬಾ. ಇದ ಅಂಗಳದಾಗ ಕುಂತು, ನಿನ್ನ ಕೈಯಾರೆ ಒಂದು ಕೌದಿ ಹೊಲಿ. ಅಲ್ಲೀಮಟ ನಿನಗ ಪಾರುಪತ್ಯ ಇಲ್ಲ."

ರಾಣಿ ಕೌದಿಯನ್ನು ಮಡಚಿ ಗುರುಬಾಯಿಯ ಕೈಗಿಟ್ಟಳು. ತಾನು ಉಟ್ಟು ಹಳೆಯದಾದ ಎರಡು ಸೀರೆಗಳನ್ನೂ ತರಿಸಿದಳು. ಅತ್ತೆ ಬೆರಳಿಟ್ಟು ತೋರಿಸುತ್ತ ಹೋದಳು, ಸೊಸೆ ಯುವರಾಜನಿಗೆ ಕೌದಿ ಹೊಲಿದಳು. ಎರಡು ತಿಂಗಳಿಗೆ ಗುರುಬಾಯಿಗೆ ಹೆಣ್ಣು ಹುಟ್ಟಿತು. ಅಜ್ಜಿಯ ಕೌದಿಯಲ್ಲಿ ಬೆಚ್ಚಗೆ ಮಲಗಿತು.

ಮಲ್ಹಾರಪ್ಪ? ಅವನಿನ್ನೂ ಅಂಗಳದಲ್ಲಿ ಕೂತು ಸೂಜಿ ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದ.

ಇಷ್ಟು ತಿಳಿದುಕೊಳ್ಳಿ ಮಕ್ಕಳೇ: ಇನ್ನೊಬ್ಬರ ದುಡಿಮೆಯನ್ನು ನಮ್ಮದೆನ್ನಬಾರದು. ಮಾಡಿದ ವಸ್ತುವನ್ನು ಕಸಿಯಬಹುದು, ಮಾಡಿದವರಿಗೆ ಮಾತ್ರ ಗೊತ್ತಿರುವುದನ್ನು ಕಸಿಯಲು ಯಾರಿಂದಲೂ ಆಗದು.