ಬುಟ್ಟಿಯ ಕೆಳಗಿನ ಉತ್ತರ

"ಕೇಳ್ರಪ್ಪೋ ಕೇಳಿ! ಮೇಘಾವತಿಯ ದೊರೆ ಪ್ರಚಂಡವರ್ಮರು ಪದಮಣೆಯಲ್ಲಿ ಒಂದೇ ಆಟಕ್ಕೆ ಏಳುನೂರ ಮೂವತ್ತು ಅಂಕ ಗಳಿಸಿ ದಾಖಲೆ ಮಾಡಿದ್ದಾರೆ! ಅದನ್ನು ಮುರಿಯುವ ಎದೆಗಾರಿಕೆ ಇದ್ದವರು ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಅರ್ಧ ರಾಜ್ಯ, ದೊರೆಯ ಎದುರು ಆಡುವ ಹಕ್ಕು. ತಪ್ಪಿದವರಿಗೆ ತಲೆದಂಡ!"

ಡಂಗುರ ಮೇದರ ಕೇರಿಗೆ ಬಂದಾಗ ಕೆಂಚಿ ಬುಟ್ಟಿಗೆ ಬಿದಿರು ಸೀಳುತ್ತಿದ್ದಳು. ಅವಳ ಕೈ ಅಲ್ಲೇ ನಿಂತಿತು. ಹೋದ ವರ್ಷ ಇದೇ ಡಂಗುರ ಕೇಳಿ ಅವಳ ಅಣ್ಣ ಬೊಮ್ಮ ಎದ್ದು ಹೋಗಿದ್ದ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆ ಆಟದಲ್ಲಿ ಅವನನ್ನು ಮೀರಿಸುವವರು ಸಂತೆಯಲ್ಲಿ ಯಾರೂ ಇರಲಿಲ್ಲ. ಎರಡು ಒಗಟು ಬಿಡಿಸಿದ. ಮೂರನೆಯದಕ್ಕೆ "ಖಾಲಿ ಬಿಲ್ಲೆ" ಅಂದ. ದೊರೆ ತಪ್ಪು ಅಂದ. ಅಷ್ಟೇ. ಹೆಣವನ್ನೂ ಮನೆಗೆ ಕೊಡಲಿಲ್ಲ.

"ಬೇಡ ಮಗಾ, ಒಬ್ಬ ಹೋಗಿದ್ದು ಸಾಲದಾ?" ಎಂದು ತಾಯಿ ಸೆರಗು ಹಿಡಿದಳು.

"ಅವ್ವಾ, ಈ ಸಿಟ್ಟು ನುಂಗಿ ನುಂಗಿ ನಂಗೆ ಅನ್ನ ಸೇರ್ತಿಲ್ಲ. ಇವತ್ತು ಅಲ್ಲೇ ಉಗುಳಿ ಬರ್ತೀನಿ" ಅಂದಳು ಕೆಂಚಿ. ಬಿದಿರಿನ ಸಿಬಿರು ಚುಚ್ಚಿದ ಕೈಯಲ್ಲೇ ಅರಮನೆಗೆ ನಡೆದಳು.

ಒಡ್ಡೋಲಗ ಕಿಕ್ಕಿರಿದಿತ್ತು. ಮೊದಲು ಬಂದವನು ದಳವಾಯಿಯ ಮಗ. ದೊರೆ ಕೇಳಿದ: "ಒಂಟಿಯಾಗಿದ್ದರೆ ಮೂಗ, ನೆಂಟರ ಸಾಲಿನಲ್ಲಿ ಕೂತರೆ ಮಾತುಗಾರ. ಕೈಯಲ್ಲೇ ಉಳಿದರೆ ದಂಡ, ಕೆಳಗಿಟ್ಟರೆ ಲಾಭ. ಅದು ಯಾವುದು?"

ದಳವಾಯಿಯ ಮಗ ಮೀಸೆ ತಿರುವಿ, "ಕತ್ತಿ!" ಎಂದ. ಭಟರು ಎಳೆದೊಯ್ದರು.

ಆಮೇಲೆ ಬಂದವರು ಪಕ್ಕದ ರಾಜ್ಯದ ಸೋಮನಾಥ ಪಂಡಿತರು. ಅವರಿಗೆ ಬೇರೆ ಎರಡು ಒಗಟು. ಎರಡನ್ನೂ ಲೀಲಾಜಾಲವಾಗಿ ಬಿಡಿಸಿದರು. ಮೊದಲೆರಡನ್ನು ದೊರೆ ಮನಬಂದಂತೆ ಬದಲಿಸುತ್ತಿದ್ದ. ಮೂರನೆಯದು ಮಾತ್ರ ಯಾವಾಗಲೂ ಒಂದೇ: "ತನಗೆಂದು ಬೆಲೆಯೇ ಇಲ್ಲ. ಆದರೂ ಬಂದು ಪಕ್ಕದಲ್ಲಿ ಕೂತರೆ ಪಕ್ಕದವರ ಬೆಲೆ ಏರುತ್ತದೆ. ಅದು ಯಾವುದು?"

"ಸೊನ್ನೆ, ಪ್ರಭು. ಒಂದರ ಪಕ್ಕ ಕೂತರೆ ಹತ್ತಾಗುತ್ತದೆ."

"ತಪ್ಪು!" ಎಂದು ದೊರೆ ನಕ್ಕ. "ಇಬ್ಬರ ತಲೆದಂಡವೂ ಇವತ್ತೇ ಸಂಜೆಗೆ ಮುಗಿಯಲಿ."

ಕೆಂಚಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಸೊನ್ನೆ ಹೇಗೆ ತಪ್ಪು? ಖಾಲಿ ಬಿಲ್ಲೆ ತಾನೇ ಹೇಗೆ ತಪ್ಪಾಗಿತ್ತು? ಅದರ ಮೇಲೆ ಅಕ್ಷರವಿಲ್ಲ, ಅಂಕವಿಲ್ಲ. ಆದರೆ ಯಾವ ಅಕ್ಷರದ ಜಾಗದಲ್ಲಿ ಬೇಕಾದರೂ ಕೂತು ಪದ ತುಂಬಿಸುತ್ತದೆ, ಉಳಿದ ಬಿಲ್ಲೆಗಳಿಗೆಲ್ಲ ಅಂಕ ತರುತ್ತದೆ. ಎರಡೂ ಸರಿ! ಯಾರು ಒಂದನ್ನು ಹೇಳಿದರೂ ಇವನು ಮನಸ್ಸಿನಲ್ಲಿ ಇನ್ನೊಂದನ್ನು ಹಿಡಿದುಕೊಳ್ಳುತ್ತಾನೆ. ಅಣ್ಣ ಸೋತಿರಲೇ ಇಲ್ಲ.

ಅವಳು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ನಾನು ಬಿಡಿಸ್ತೀನಿ."

"ಯಾರು ನೀನು?"

"ಮೇದರ ಕೆಂಚಿ."

ಸಭೆ ಗೊಳ್ಳೆಂದಿತು. ದೊರೆ ಆಕಳಿಸುತ್ತ, ದಳವಾಯಿಯ ಮಗನಿಗೆ ಹಾಕಿದ ಒಗಟನ್ನೇ ಅವಳಿಗೂ ಹಾಕಿದ.

"ಅಕ್ಷರದ ಬಿಲ್ಲೆ. ಒಂದೇ ಇದ್ದರೆ ಮಾತಿಲ್ಲ, ಸಾಲಾದರೆ ಪದ. ಆಟ ಮುಗಿದಾಗ ಕೈಯಲ್ಲಿ ಉಳಿದರೆ ಅಂಕ ಕಳೆಯುತ್ತಾರೆ."

ದೊರೆ ನೆಟ್ಟಗೆ ಕೂತ. "ಮುರಿದರೂ ಚೂರು ಬೀಳುವುದಿಲ್ಲ. ಮುರಿದ ಮೇಲೆ ಮೊದಲಿಗಿಂತ ದೊಡ್ಡದಾಗುತ್ತದೆ, ಮುರಿದವನ ಪಾಲಾಗುತ್ತದೆ."

"ದಾಖಲೆ. ಅದು ಮುರೀಬಾರದು ಅಂತ ತಾನೇ ಇಷ್ಟೆಲ್ಲ?"

ಈಗ ಯಾರೂ ನಗಲಿಲ್ಲ. ದೊರೆ ಮೂರನೆಯ ಒಗಟಿಗೆ ಬಾಯಿ ತೆರೆಯುವಷ್ಟರಲ್ಲಿ ಕೆಂಚಿ ಕೈ ಎತ್ತಿದಳು. "ತಡೀರಿ. ಮೊದಲು ನಿಮ್ಮ ಉತ್ತರ ಆ ಆಟದ ಮಣೆ ಮೇಲೆ ಇಡಿ. ಯಾರಿಗೂ ಕಾಣದ ಹಾಗೆ ಮುಚ್ಚಿ. ಆಮೇಲೆ ನಾನು ಹೇಳ್ತೀನಿ."

"ದೊರೆಯ ಮಾತಿನ ಮೇಲೆ ನಂಬಿಕೆಯಿಲ್ಲವೆ?"

"ಇಲ್ಲ."

ಭಟರು ಕತ್ತಿಗೆ ಕೈ ಹಾಕಿದರು. ಆಗ ಪರದೆಯ ಹಿಂದಿನಿಂದ ರಾಜಮಾತೆ ಲಕುಮಾದೇವಿಯ ದನಿ ಬಂತು. "ಇಡು ಮಗನೆ. ಉತ್ತರ ಇದ್ದವನಿಗೆ ಇಡಲು ಏನು ಕಷ್ಟ?"

ದಾಸಿಯೊಬ್ಬಳು ಹೂವಿನ ಬುಟ್ಟಿ ಬರಿದು ಮಾಡಿ ತಂದಳು.  ಸೊನ್ನೆ ತಪ್ಪೆಂದು ಈಗಷ್ಟೇ ಎಲ್ಲರ ಮುಂದೆ ಹೇಳಿಯಾಗಿತ್ತು, ಅದನ್ನು ಇಡುವಂತಿಲ್ಲ. ದೊರೆ ಏನನ್ನೋ ಇಟ್ಟು ಬುಟ್ಟಿ ಬೋರಲು ಹಾಕಿದ.

"ಹೇಳು" ಎಂದ.

"ಉತ್ತರ ಎರಡಿವೆ" ಅಂದಳು ಕೆಂಚಿ.  "ಸೊನ್ನೆ ಒಂದು, ಖಾಲಿ ಬಿಲ್ಲೆ ಒಂದು. ಎರಡೂ ಸರಿ. ಬುಟ್ಟಿ ಕೆಳಗೆ ಸೊನ್ನೆ ಇದ್ದರೆ ಪಂಡಿತರಿಗೆ ಮೋಸ. ಖಾಲಿ ಬಿಲ್ಲೆ ಇದ್ದರೆ, ಹೋದ ವರ್ಷ ಇಲ್ಲೇ ನಿಂತು ಅದನ್ನೇ ಹೇಳಿದ ನನ್ನಣ್ಣ ಬೊಮ್ಮನ ಕೊಲೆ. ತೆಗೀರಿ ಬುಟ್ಟಿ!"

ದೊರೆಗೆ ಆ ಹೆಸರು ನೆನಪೇ ಇರಲಿಲ್ಲ. ರಾಜಮಾತೆ ತಾನೇ ಹೊರಗೆ ಬಂದು ಬುಟ್ಟಿ ಎತ್ತಿದಳು. ಮಣೆಯ ಮೇಲೆ ಏನೂ ಬರೆಯದ ಒಂದು ಬಿಲ್ಲೆ ಇತ್ತು.

"ಹೌದು, ಆ ಹುಡುಗ ಇದನ್ನೇ ಹೇಳಿದ್ದ! ನಾನು ಕೇಳಿದ್ದೆ!" ಎಂದು ಗುಂಪಿನಲ್ಲಿ ಒಬ್ಬ ಕೂಗಿದ. ಇನ್ನೊಬ್ಬ ಕೂಗಿದ. ಆಮೇಲೆ ಸಭೆಯೇ ಕೂಗಿತು. ಭಟರು ಸದ್ದಿಲ್ಲದೆ ಹಿಂದೆ ಸರಿದರು.

ರಾಜಮಾತೆ ಮಗನ ಕಿರೀಟ ತೆಗೆದಳು. ಪಂಡಿತರೂ ದಳವಾಯಿಯ ಮಗನೂ ಬಿಡುಗಡೆಯಾದರು. ಅರ್ಧ ರಾಜ್ಯ ಕೆಂಚಿಯದಾಯಿತು, ಅವಳು ಬೇಡವೆನ್ನಲಿಲ್ಲ. ಆಡುವ ಹಕ್ಕನ್ನೂ ಬಿಡಲಿಲ್ಲ. ಅಲ್ಲೇ ಪ್ರಚಂಡವರ್ಮನ ಎದುರು ಕೂತು, ಅಣ್ಣ ಕಲಿಸಿದ ಪದಗಳನ್ನೆಲ್ಲ ಒಂದೊಂದಾಗಿ ಹೂಡಿದಳು. ಎಣಿಸಿದಾಗ ಎಂಟುನೂರ ಹನ್ನೆರಡು.

ಪ್ರಚಂಡವರ್ಮ, "ತಪ್ಪಾಯಿತು ತಾಯಿ, ಕ್ಷಮಿಸು" ಎಂದ.

"ಆಟದಲ್ಲಿ ಸೋತಿದ್ದಕ್ಕೆ ಕ್ಷಮೆ ಬೇಕಾಗಿಲ್ಲ" ಅಂದಳು ಕೆಂಚಿ. "ಇನ್ನೊಂದಕ್ಕೆ ನಾನು ಕೊಡಲ್ಲ. ನನ್ನಣ್ಣನ್ನ ಎಲ್ಲಿ ಹೂತಿದ್ದೀಯ, ತೋರಿಸು. ನಡಿ."

ಅವನು ಎದ್ದು ಮುಂದೆ ನಡೆದ. ಅವಳು ಹಿಂದೆ ಹೋದಳು. ಊರಿಗೆ ಊರೇ ಅವಳ ಹಿಂದೆ ಹೋಯಿತು.